ಧರ್ಮದ ಕಾಲಂನಲ್ಲಿ ‘ನಾಸ್ತಿಕ’ ಎಂದು ಬರೆಸಿದರೆ ಏನಾಗುತ್ತದೆ?

2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರು ಮಾಡಿತು. ಜನರ ಬಾಯಲ್ಲಿ ಅದು ಜಾತಿ ಗಣತಿ. ದಸರಾ ರಜೆಯಲ್ಲಿ ಶಾಲಾ ಶಿಕ್ಷಕರು ಮೊಬೈಲ್ ಹಿಡಿದು ಮನೆ ಮನೆ ತಿರುಗಿದರು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಆ ದಿನಗಳ ಮಾತೆಲ್ಲ ಒಂದೇ ಪ್ರಶ್ನೆಯ ಸುತ್ತ ಇತ್ತು. ಧರ್ಮದ ಕಾಲಂನಲ್ಲಿ ಹಿಂದೂ ಎಂದು ಬರೆಸಬೇಕೋ, ಲಿಂಗಾಯತ ಎಂದೋ, ವೀರಶೈವ ಲಿಂಗಾಯತ ಎಂದೋ? ಒಂದು ಮಠ ಒಂದು ಹೇಳಿತು, ಇನ್ನೊಂದು ಮಠ ಇನ್ನೊಂದು ಹೇಳಿತು.

ಆ ಗದ್ದಲದಲ್ಲಿ, ಅದೇ ಪಟ್ಟಿಯಲ್ಲಿದ್ದ ಮತ್ತೊಂದು ಆಯ್ಕೆ ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. ಹಿಂದೂ, ಇಸ್ಲಾಂ, ಕ್ರೈಸ್ತ, ಜೈನ, ಬೌದ್ಧ, ಸಿಖ್, ಪಾರ್ಸಿ ಜೊತೆಗೆ ‘ನಾಸ್ತಿಕ’ ಎಂಬುದೂ ಅಲ್ಲಿತ್ತು. ನೋಡಿದವರಿಗೆ ಸಾಲು ಸಾಲು ಅನುಮಾನ. ಹಾಗೆ ಬರೆಸಿದರೆ ಮೀಸಲಾತಿ ಹೋಗುತ್ತದೆಯೇ? ಅಪ್ಪನ ಆಸ್ತಿಯಲ್ಲಿ ಪಾಲು ಸಿಗುತ್ತದೆಯೇ? ಮಗಳ ಮದುವೆಗೆ ತೊಂದರೆ ಆಗುತ್ತದೆಯೇ? ನಾಳೆ ಯಾರಾದರೂ ಕೇಸ್ ಹಾಕಿದರೆ?

ಈಗ ರಾಷ್ಟ್ರೀಯ ಜನಗಣತಿಯ ಸರದಿ. 2027ರ ಮಾರ್ಚ್ 1ನ್ನು ಲೆಕ್ಕದ ದಿನವಾಗಿ ಇಟ್ಟುಕೊಂಡ ಈ ಗಣತಿಯಲ್ಲಿ ಜಾತಿಯನ್ನೂ ಕೇಳಲಾಗುತ್ತದೆ. ಹಾಗಾಗಿ ಈ ಅನುಮಾನಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಒಳ್ಳೆಯದು. ಕಾನೂನಿನಲ್ಲಿ ಆಗುವ ಬದಲಾವಣೆ ಜನ ಹೆದರುವಷ್ಟು ದೊಡ್ಡದಲ್ಲ. ಮನೆಯಲ್ಲಿ, ಓಣಿಯಲ್ಲಿ ಆಗುವುದು ಮಾತ್ರ ಕಾನೂನಿನ ಪುಸ್ತಕ ಹೇಳುವುದಕ್ಕಿಂತ ತುಂಬ ದೊಡ್ಡದು. ಗೊಂದಲ ಹುಟ್ಟುವುದು ಈ ಎರಡನ್ನೂ ಒಂದೇ ಎಂದುಕೊಂಡಾಗ.

ಆ ಪದಕ್ಕೇ ಮೂರು ಅರ್ಥ

ಇವತ್ತು ನಾಸ್ತಿಕ ಅಂದರೆ ದೇವರನ್ನು ನಂಬದವನು. ಹಳೆಯ ಅರ್ಥ ಬೇರೆ. ಪಾಣಿನಿಯ ಸೂತ್ರದ ವ್ಯಾಖ್ಯಾನಗಳಲ್ಲಿ, ಪರಲೋಕ ಇದೆ ಎನ್ನುವವನು ಆಸ್ತಿಕ, ಇಲ್ಲ ಎನ್ನುವವನು ನಾಸ್ತಿಕ. ಆಮೇಲೆ ದರ್ಶನಗಳನ್ನು ವಿಂಗಡಿಸಿದವರು ವೇದದ ಪ್ರಮಾಣವನ್ನು ಒಪ್ಪುವವರನ್ನು ಆಸ್ತಿಕರೆಂದರು, ಒಪ್ಪದವರನ್ನು ನಾಸ್ತಿಕರೆಂದರು. ಆ ಲೆಕ್ಕದಲ್ಲಿ ಚಾರ್ವಾಕರಷ್ಟೇ ಅಲ್ಲ, ಜೈನರೂ ಬೌದ್ಧರೂ ನಾಸ್ತಿಕರ ಸಾಲಿಗೆ ಸೇರಿದರು. ಅತ್ತ ಸೃಷ್ಟಿಕರ್ತನಾದ ದೇವರು ಬೇಕಿಲ್ಲ ಎಂದ ಸಾಂಖ್ಯರು, ಮೀಮಾಂಸಕರು ಆಸ್ತಿಕರಾಗಿಯೇ ಉಳಿದರು.

ಇದು ಬರೀ ಪುಸ್ತಕದ ಮಾತಲ್ಲ, ಬಾಗಲಕೋಟೆ ಜಿಲ್ಲೆಯ ಕಲ್ಲಿನಲ್ಲೇ ಇದೆ. ಬಾದಾಮಿಯ ಗುಹೆಗಳನ್ನು ಒಂದರಿಂದ ಮೇಲಕ್ಕೆ ಹತ್ತುತ್ತ ಹೋಗಿ. ಮೊದಲು ಕುಣಿಯುವ ಶಿವ ಸಿಗುತ್ತಾನೆ, ಆಮೇಲೆ ವಿಷ್ಣು, ಕೊನೆಗೆ ನಾಲ್ಕನೆಯ ಗುಹೆಯಲ್ಲಿ ಜೈನ ತೀರ್ಥಂಕರರು. ಐಹೊಳೆಯ ಮೇಗುತಿ ಗುಡ್ಡದ ಮೇಲೆ ರವಿಕೀರ್ತಿ 634ರಲ್ಲಿ ಕಟ್ಟಿಸಿದ ಜಿನಾಲಯವಿದೆ. ಅದೇ ಗುಡ್ಡದ ಇಳಿಜಾರಿನಲ್ಲಿ ಎರಡು ಅಂತಸ್ತಿನ ಬೌದ್ಧ ಗುಡಿಯಿದೆ. ಹಳೆಯ ಅರ್ಥದಲ್ಲಿ ‘ನಾಸ್ತಿಕ’ರಾದವರು ಚಾಲುಕ್ಯರ ಕಾಲದಲ್ಲಿ ರಾಜನ ಆಸರೆಯಲ್ಲೇ ಗುಡಿ ಕಟ್ಟಿದ್ದರು. ಇವತ್ತು ಬೆಳಗಾವಿ ಜಿಲ್ಲೆಯ ಯಾವ ಜೈನ ರೈತನನ್ನು ಕೇಳಿದರೂ ನಾನು ನಾಸ್ತಿಕ ಎನ್ನಲಾರ. ಪದ ಅದೇ, ಅರ್ಥ ಮಾತ್ರ ಪೂರ್ತಿ ತಿರುಗಿಬಿಟ್ಟಿದೆ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕೂ ಇದೆ. ಬಸವಣ್ಣನವರು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿಯಲ್ಲಿ, ಐಕ್ಯರಾದದ್ದು ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ. ಗುಡಿ ಬೇಡ, ಯಜ್ಞ ಬೇಡ, ಕಲ್ಲಿನ ನಾಗರಕ್ಕೆ ಹಾಲೆರೆಯುವುದು ಬೇಡ ಎಂಬ ಮಾತು ಇಲ್ಲಿ ಒಂಬತ್ತು ಶತಮಾನಗಳಿಂದ ಕೇಳಿಬರುತ್ತಿದೆ. ಅದಕ್ಕೇ ಗುಡಿಗೆ ಹೋಗದವರು, ಪಂಚಾಂಗ ನೋಡದವರು, ವಾಸ್ತು ಕೇಳದವರು ಇಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಇವರಲ್ಲಿ ಬಹಳಷ್ಟು ಜನ ನಾಸ್ತಿಕರಲ್ಲ. ಬಸವಣ್ಣನವರು ಗುಡಿಯನ್ನು ಬಿಟ್ಟರೇ ಹೊರತು ಕೂಡಲಸಂಗಮದೇವನನ್ನು ಬಿಡಲಿಲ್ಲ. ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡು ಗುಡಿಯ ಮೆಟ್ಟಿಲು ಹತ್ತದವನು ಒಬ್ಬ ಭಕ್ತ. ದೇವರೇ ಇಲ್ಲ ಎನ್ನುವವನು ಬೇರೆ. ದೇವರಿದ್ದಾನೋ ಇಲ್ಲವೋ ಗೊತ್ತಿಲ್ಲ, ಅದು ನನಗೆ ಬೇಕಾಗಿಯೂ ಇಲ್ಲ ಎನ್ನುವವನು ಮತ್ತೂ ಬೇರೆ. ಊರಿನ ಬಾಯಲ್ಲಿ ಮಾತ್ರ ಈ ಮೂವರಿಗೂ ಒಂದೇ ಮಾತು: ‘ಅವನಿಗೆ ದೇವರಿಲ್ಲ, ದಿಂಡರಿಲ್ಲ.’

ಮೂಢನಂಬಿಕೆ ವಿರೋಧವನ್ನೂ ನಾಸ್ತಿಕತೆಗೆ ಸೇರಿಸುವುದು ಇದೇ ರೀತಿಯ ತಪ್ಪು. ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ಡಿಸೆಂಬರ್ 6ರ ಅಂಬೇಡ್ಕರ್ ಪರಿನಿಬ್ಬಾಣ ದಿನದಂದು ಸಚಿವ ಸತೀಶ ಜಾರಕಿಹೊಳಿ ಮತ್ತು ಮಾನವ ಬಂಧುತ್ವ ವೇದಿಕೆಯವರು ಹಲವು ವರ್ಷಗಳಿಂದ ಕಾರ್ಯಕ್ರಮ ಮಾಡಿ, ಅಲ್ಲೇ ಊಟ ಮಾಡಿ, ರಾತ್ರಿ ಕಳೆಯುತ್ತ ಬಂದಿದ್ದಾರೆ. ದೆವ್ವದ ಭಯ ಸುಳ್ಳು ಎಂದು ತೋರಿಸುವುದು ಅದರ ಉದ್ದೇಶ. ಸ್ಮಶಾನದಲ್ಲಿ ಮಲಗಿದವರೆಲ್ಲ ದೇವರನ್ನು ಬಿಟ್ಟವರೇ ಆಗಬೇಕಿಲ್ಲ. ಕರ್ನಾಟಕದ ವಾಮಾಚಾರ ತಡೆ ಕಾನೂನು ಕೂಡ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. 2017ರಲ್ಲಿ ಪಾಸಾಗಿ 2020ರಲ್ಲಿ ಜಾರಿಗೆ ಬಂದ ಆ ಕಾನೂನು ಅಮಾನವೀಯ ಆಚರಣೆಗಳನ್ನು ನಿಷೇಧಿಸುತ್ತದೆ. ಪೂಜೆ, ಪ್ರದಕ್ಷಿಣೆ, ಯಾತ್ರೆಗಳನ್ನು ಮುಟ್ಟುವುದಿಲ್ಲ.

ಬಾಗಿಲ ಬಳಿ ನಡೆಯುವುದು

ಲೆಕ್ಕದಲ್ಲಿ ನಾಸ್ತಿಕರು ಯಾಕೆ ಇಷ್ಟು ಕಡಿಮೆ? 2011ರ ಜನಗಣತಿಯಲ್ಲಿ ದೇಶದ 121 ಕೋಟಿ ಜನರಲ್ಲಿ ನಾಸ್ತಿಕ ಎಂದೇ ಹೆಸರಿಟ್ಟು ಬರೆಸಿದವರು 33 ಸಾವಿರದಷ್ಟು ಮಾತ್ರ. ಅದೇ ಗಣತಿಯಲ್ಲಿ ‘ಧರ್ಮ ತಿಳಿಸಿಲ್ಲ’ ಎಂಬ ಗುಂಪಿಗೆ ಸೇರಿದವರು ಸುಮಾರು 28.7 ಲಕ್ಷ, ಅಂದರೆ ಶೇ 0.24. 2001ರಲ್ಲಿ ಈ ಗುಂಪಿನಲ್ಲಿ ಸುಮಾರು 7 ಲಕ್ಷ ಜನ ಇದ್ದರು. ಹತ್ತು ವರ್ಷದಲ್ಲಿ ನಾಲ್ಕು ಪಟ್ಟು ಆಯಿತು. ಇವರೆಲ್ಲ ನಾಸ್ತಿಕರು ಎಂದುಕೊಳ್ಳಬಾರದು. ಹೇಳಲು ಇಷ್ಟವಿಲ್ಲದವರು, ಗಣತಿದಾರ ಬಿಟ್ಟುಹೋದವರು ಎಲ್ಲರೂ ಅದರಲ್ಲಿದ್ದಾರೆ. 33 ಸಾವಿರವೇ ನಿಜವಾದ ಸಂಖ್ಯೆ ಎಂದುಕೊಳ್ಳುವುದೂ ಅಷ್ಟೇ ತಪ್ಪು.

ಕಾರಣ ತಿಳಿಯಲು ಗಣತಿ ನಡೆಯುವ ರೀತಿಯನ್ನೇ ಹತ್ತಿರದಿಂದ ನೋಡಬೇಕು. ಬಾಗಿಲ ಚೌಕಟ್ಟಿಗೆ ಸಮೀಕ್ಷೆಯ ನಂಬರಿನ ಚೀಟಿ ಅಂಟಿಸಿದೆ. ಕಟ್ಟೆಯ ಮೇಲೆ ಶಿಕ್ಷಕಿ ಕೂತಿದ್ದಾರೆ. ಒಳಗಿನಿಂದ ಒಂದು ಲೋಟ ನೀರು, ಚಹಾ ಬರುತ್ತದೆ. ರೇಷನ್ ಕಾರ್ಡು, ಆಧಾರ್ ಕಾರ್ಡುಗಳ ಕಟ್ಟು ಹಿಡಿದು ಉತ್ತರ ಕೊಡುವವರು ಮನೆಯ ಹಿರಿಯರು. ಧರ್ಮದ ಪ್ರಶ್ನೆ ಬಂದಾಗ ಅವರು ಹೇಳುವುದು ಒಂದೇ ಉತ್ತರ, ಅದು ಮನೆಯ ಎಲ್ಲರಿಗೂ. ಬೆಂಗಳೂರಿನಲ್ಲೋ ಪುಣೆಯಲ್ಲೋ ಕೆಲಸಕ್ಕಿರುವ ಮಗ ಏನು ನಂಬುತ್ತಾನೆ, ಕಾಲೇಜಿಗೆ ಹೋಗುವ ಮಗಳು ಏನು ನಂಬುವುದಿಲ್ಲ ಎಂದು ಆ ಕಟ್ಟೆಯ ಮೇಲೆ ಯಾರೂ ಕೇಳುವುದಿಲ್ಲ. ಪಕ್ಕದ ಮನೆಯವರೂ ನಿಂತು ಕೇಳುತ್ತಿರುತ್ತಾರೆ. ಅಂಥ ಹೊತ್ತಿನಲ್ಲಿ ಮಗಳು ಒಳಗಿನಿಂದ ಬಂದು ‘ನನ್ನದು ನಾಸ್ತಿಕ ಅಂತ ಬರ್ಕೊಳ್ರಿ ಟೀಚರ್’ ಎನ್ನಲು ಎಷ್ಟು ಧೈರ್ಯ ಬೇಕು, ಅಲ್ವಾ?

ಎಣಿಕೆಯಲ್ಲಿ ನಾಸ್ತಿಕರು ತೀರ ಕಡಿಮೆ ಕಾಣಿಸುವುದಕ್ಕೆ ಅವರು ಅಷ್ಟು ಕಡಿಮೆ ಇರುವುದು ಮಾತ್ರ ಕಾರಣವಲ್ಲ. ನಾವು ಎಣಿಸುವುದು ಮನೆಗಳನ್ನು, ನಂಬಿಕೆ ಇರುವುದು ವ್ಯಕ್ತಿಯಲ್ಲಿ. ನಿಯಮದಲ್ಲಿ ಇದಕ್ಕೆ ದಾರಿ ಇದೆ. ಮನೆಯ ಯಜಮಾನನ ಧರ್ಮವೇ ಎಲ್ಲರದು ಎಂದು ಗಣತಿದಾರರು ತಾವೇ ಊಹಿಸುವ ಹಾಗಿಲ್ಲ, ಪ್ರತಿಯೊಬ್ಬರ ವಿಷಯದಲ್ಲೂ ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳಬೇಕು. ದಾರಿ ಇದ್ದರೂ ಅದರಲ್ಲಿ ನಡೆಯುವವರು ಕಡಿಮೆ.

ಇಲ್ಲಿ ಒಂದು ವ್ಯತ್ಯಾಸ ನೆನಪಿಡಿ. ರಾಜ್ಯದ ಸಮೀಕ್ಷೆಯ ಬಗ್ಗೆ ಹೈಕೋರ್ಟ್ 2025ರ ಸೆಪ್ಟೆಂಬರ್ 25ರಂದು ಮಧ್ಯಂತರ ಆದೇಶ ಕೊಟ್ಟಿತು. ಸಮೀಕ್ಷೆಗೆ ತಡೆ ಕೊಡಲಿಲ್ಲ, ಆದರೆ ಮಾಹಿತಿ ಕೊಡುವುದು ಜನರ ಇಷ್ಟ, ಯಾರನ್ನೂ ಒತ್ತಾಯ ಮಾಡಬಾರದು, ಕೊಟ್ಟ ಮಾಹಿತಿ ಗುಟ್ಟಾಗಿರಬೇಕು ಎಂದಿತು. ಜನಗಣತಿ ಹಾಗಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ಕೇಳಿದ ಪ್ರಶ್ನೆಗೆ ತಿಳಿದಷ್ಟು, ನಂಬಿದಷ್ಟು ಸರಿಯಾಗಿ ಉತ್ತರ ಕೊಡುವುದು ಕರ್ತವ್ಯ. ಅದೇ ಕಾಯ್ದೆ ಇನ್ನೊಂದು ಭರವಸೆಯನ್ನೂ ಕೊಡುತ್ತದೆ. ಯಾರು ಏನು ಬರೆಸಿದರು ಎಂಬ ದಾಖಲೆಯನ್ನು ಬೇರೆಯವರು ನೋಡುವಂತಿಲ್ಲ, ಸಾಮಾನ್ಯವಾಗಿ ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸುವಂತೆಯೂ ಇಲ್ಲ. ಅಣ್ಣತಮ್ಮಂದಿರ ಆಸ್ತಿ ಜಗಳದಲ್ಲಿ ‘ಇವನು ಗಣತಿಯಲ್ಲಿ ನಾಸ್ತಿಕ ಅಂತ ಬರೆಸಿದ್ದಾನೆ ಸ್ವಾಮಿ’ ಎಂದು ಯಾರೂ ಆ ಕಾಗದ ತಂದು ತೋರಿಸಲಾರರು.

ಮೀಸಲಾತಿ ಹೋಗುತ್ತದೆಯೇ?

ಎಲ್ಲಕ್ಕಿಂತ ಜಾಸ್ತಿ ಭಯ ಇರುವುದು ಇಲ್ಲಿ. ಮೊದಲ ಮಾತು, ಸಮೀಕ್ಷೆಯ ಉತ್ತರ ಬೇರೆ, ಜಾತಿ ಪ್ರಮಾಣಪತ್ರ ಬೇರೆ. ಪ್ರಮಾಣಪತ್ರ ಕೊಡುವುದು ತಹಶೀಲ್ದಾರರು, ಅದಕ್ಕೆ ಬೇರೆಯೇ ದಾಖಲೆ, ಬೇರೆಯೇ ವಿಚಾರಣೆ. ಧರ್ಮದ ಕಾಲಂನಲ್ಲಿ ನಾಸ್ತಿಕ ಎಂದು ಬರೆಸಿದ ಮಾತ್ರಕ್ಕೆ ಕೈಯಲ್ಲಿರುವ ಪ್ರಮಾಣಪತ್ರ ರದ್ದಾಗುವುದಿಲ್ಲ. ಸಮೀಕ್ಷೆಯಲ್ಲೂ ಧರ್ಮಕ್ಕೊಂದು ಕಾಲಂ, ಜಾತಿಗೊಂದು ಕಾಲಂ ಇತ್ತು. ಧರ್ಮದಲ್ಲಿ ನಾಸ್ತಿಕ ಎಂದವರು ಜಾತಿ ಬರೆಸಬಾರದು ಎಂದೇನೂ ಇರಲಿಲ್ಲ.

ಎರಡನೆಯ ಮಾತು ಸ್ವಲ್ಪ ಸೂಕ್ಷ್ಮ. ಎಲ್ಲ ವರ್ಗಗಳಿಗೂ ಉತ್ತರ ಒಂದೇ ಅಲ್ಲ.

ರಾಜ್ಯದ ಹಿಂದುಳಿದ ವರ್ಗಗಳ ಮೀಸಲಾತಿ ಪಟ್ಟಿಯಲ್ಲಿ ಲಿಂಗಾಯತರು, ಮರಾಠರು 3ಬಿ ವರ್ಗದಲ್ಲಿದ್ದಾರೆ, ಕುರುಬರು 2ಎ ವರ್ಗದಲ್ಲಿದ್ದಾರೆ. ಇವು ಜಾತಿಯ ಮೇಲೆ ನಿಂತ ಪಟ್ಟಿಗಳು. ನೀವು ದೇವರನ್ನು ನಂಬುತ್ತೀರಾ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಪರಿಶಿಷ್ಟ ಪಂಗಡಕ್ಕೂ ಧರ್ಮದ ಷರತ್ತು ಇಲ್ಲ. ವಾಲ್ಮೀಕಿ ನಾಯಕರ ಮನೆಯ ಹುಡುಗ ಯಾವ ದೇವರನ್ನೂ ನಂಬದಿದ್ದರೂ ಅವನ ಪಂಗಡ ಬದಲಾಗುವುದಿಲ್ಲ.

ಪರಿಶಿಷ್ಟ ಜಾತಿಯ ವಿಷಯ ಬೇರೆ. 1950ರ ರಾಷ್ಟ್ರಪತಿ ಆದೇಶದ ಮೂರನೆಯ ಪ್ಯಾರಾ ಪ್ರಕಾರ ಹಿಂದೂ, ಸಿಖ್, ಬೌದ್ಧ ಬಿಟ್ಟು ಬೇರೆ ಧರ್ಮವನ್ನು ಪಾಲಿಸುವವರು ಪರಿಶಿಷ್ಟ ಜಾತಿಗೆ ಸೇರುವುದಿಲ್ಲ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಲಾಯಿತು. ನಾಸ್ತಿಕ ಎಂದರೆ ಬೇರೆ ಧರ್ಮ ಸೇರಿದಂತೆಯೇ? ಆದೇಶದ ಪದಗಳನ್ನು ಇದ್ದ ಹಾಗೇ ಓದಿದರೆ ಅಲ್ಲ. ಧರ್ಮವೇ ಬೇಡ ಎನ್ನುವುದು ಇನ್ನೊಂದು ಧರ್ಮಕ್ಕೆ ಹೋಗುವುದಲ್ಲ. ಆದರೆ ತಾಲ್ಲೂಕು ಕಚೇರಿಯ ಕಿಟಕಿಯ ಆಚೆ ಕೂತವರು ಇದನ್ನು ಹೀಗೆಯೇ ಓದುತ್ತಾರೆ ಎಂಬ ಖಾತ್ರಿ ಏನು? ಒಂದು ಪ್ರಮಾಣಪತ್ರದ ಮೇಲೆ ಮಗಳ ಹಾಸ್ಟೆಲ್ ಸೀಟು, ಮಗನ ವಿದ್ಯಾರ್ಥಿವೇತನ ನಿಂತಿರುವ ಕುಟುಂಬಕ್ಕೆ ‘ಕೋರ್ಟಿಗೆ ಹೋದರೆ ಗೆಲ್ಲುತ್ತೀರಿ’ ಎಂಬ ಮಾತು ಸಮಾಧಾನ ಕೊಡುವುದಿಲ್ಲ. ದಲಿತ ಕುಟುಂಬಗಳಲ್ಲಿ ದೇವರನ್ನು ಬಿಟ್ಟ ಎಷ್ಟೋ ಜನ ಕಾಗದದಲ್ಲಿ ಹಿಂದೂ ಅಥವಾ ಬೌದ್ಧ ಎಂದೇ ಬರೆಸುವುದಕ್ಕೆ ಇದು ದೊಡ್ಡ ಕಾರಣ. ಅದನ್ನು ಹೇಡಿತನ ಎನ್ನುವವರು ಆ ಕಿಟಕಿಯ ಮುಂದೆ ಸರದಿಯಲ್ಲಿ ನಿಂತವರಲ್ಲ.

2ಬಿ ವರ್ಗದಲ್ಲಿ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. ಅಲ್ಲಿ ಮುಸ್ಲಿಂ ಎಂಬ ಸಮುದಾಯದ ಹೆಸರೇ ವರ್ಗ. ಹುಟ್ಟಿನಿಂದ ಮುಸ್ಲಿಂ ಸಮುದಾಯಕ್ಕೆ ಸೇರಿ, ಮನಸ್ಸಿನಲ್ಲಿ ನಂಬಿಕೆ ಇಲ್ಲದವನು ಯಾವ ಕಾಲಂಗೆ ಸೇರುತ್ತಾನೆ? ಜಾತಿಯನ್ನೂ ಧರ್ಮವನ್ನೂ ಬೇರೆ ಮಾಡಿ ಕೊಡುವ ಸುಲಭದ ಉತ್ತರ ಅವನಿಗೆ ಸಿಗುವುದಿಲ್ಲ.

ಶಾಲೆಗೆ ಮಕ್ಕಳನ್ನು ಸೇರಿಸುವಾಗಲೂ ಒಂದು ಎಚ್ಚರ ಬೇಕು. ಧರ್ಮದ ಕಾಲಂ ಬಿಡುವುದಕ್ಕೂ ಜಾತಿಯ ಕಾಲಂ ಬಿಡುವುದಕ್ಕೂ ಪರಿಣಾಮ ಒಂದೇ ಅಲ್ಲ. ಮುಂದೆ ಪ್ರಮಾಣಪತ್ರ ಕೇಳುವಾಗ ಶಾಲೆಯ ದಾಖಲೆಯೇ ದೊಡ್ಡ ಆಧಾರವಾಗುತ್ತದೆ. ತಂದೆತಾಯಿಯ ತತ್ವ ಒಳ್ಳೆಯದೇ ಇರಬಹುದು, ಆದರೆ ಆ ಖಾಲಿ ಜಾಗವನ್ನು ಹದಿನೆಂಟು ವರ್ಷದ ಮೇಲೆ ತುಂಬಬೇಕಾಗುವುದು ಮಗುವೇ.

ಆಸ್ತಿ, ಮದುವೆ: ಕಾನೂನಿಗೆ ನಿಮ್ಮ ಮನಸ್ಸು ಬೇಡ

1955ರ ಹಿಂದೂ ವಿವಾಹ ಕಾಯ್ದೆಯ ಎರಡನೆಯ ಸೆಕ್ಷನ್ನಿನಲ್ಲಿ ನಮ್ಮ ಭಾಗದವರಿಗೆ ಕುತೂಹಲ ಹುಟ್ಟಿಸುವ ಸಾಲು ಇದೆ. ಈ ಕಾಯ್ದೆ ಯಾರಿಗೆ ಅನ್ವಯ ಎಂದು ಹೇಳುವಾಗ ವೀರಶೈವ, ಲಿಂಗಾಯತ ಎಂಬ ಎರಡೂ ಹೆಸರು ಅಲ್ಲಿ ಬರುತ್ತವೆ. ಬೌದ್ಧ, ಜೈನ, ಸಿಖ್ಖರಿಗೂ ಅದು ಅನ್ವಯ. ಕೊನೆಗೆ, ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯಹೂದಿ ಅಲ್ಲದ ಉಳಿದವರಿಗೂ ಅನ್ವಯ ಎನ್ನುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೂ ಇದೇ ಮಾತಿದೆ. ಲಿಂಗಾಯತ, ಕುರುಬ, ಜೈನ, ಮರಾಠ ಮನೆಯಲ್ಲಿ ಹುಟ್ಟಿ ನಾಸ್ತಿಕರಾದವರು ಕಾನೂನಿನ ಕಣ್ಣಿಗೆ ಇದೇ ಕಾಯ್ದೆಯ ಒಳಗೇ ಇರುತ್ತಾರೆ. ದೇವರನ್ನು ಬಿಟ್ಟರೆ ಪಿತ್ರಾರ್ಜಿತ ಆಸ್ತಿಯ ಪಾಲು ಹೋಗುವುದಿಲ್ಲ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಬಂದ ಸಮಪಾಲೂ ಹೋಗುವುದಿಲ್ಲ. ಗಂಡ ಅಥವಾ ಹೆಂಡತಿ ಬೇರೆ ಧರ್ಮಕ್ಕೆ ಮತಾಂತರವಾದರೆ ವಿಚ್ಛೇದನ ಕೇಳಬಹುದು. ಬರೀ ನಾಸ್ತಿಕರಾದರು ಎಂಬುದು ಆ ಕಾರಣದೊಳಗೆ ಬರುವುದಿಲ್ಲ.

ಇದರಲ್ಲಿ ಒಂದು ಅಚ್ಚರಿಯ ಇತಿಹಾಸವೂ ಇದೆ. ಬ್ರಿಟಿಷರ ಕಾಲದ 1872ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬೇಕಾದರೆ ಗಂಡು, ಹೆಣ್ಣು ಇಬ್ಬರೂ ತಾವು ಹಿಂದೂ, ಮುಸ್ಲಿಂ, ಕ್ರೈಸ್ತ, ಜೈನ ಮುಂತಾದ ಯಾವ ಧರ್ಮದವರೂ ಅಲ್ಲ ಎಂದು ಘೋಷಿಸಬೇಕಿತ್ತು. ಪ್ರೀತಿಸಿದ ಎಷ್ಟೋ ಜನ ನಂಬಿಕೆ ಇಟ್ಟುಕೊಂಡೇ ‘ಧರ್ಮವಿಲ್ಲ’ ಎಂದು ಸಹಿ ಹಾಕಬೇಕಾಗಿತ್ತು. 1954ರ ಕಾಯ್ದೆ ಆ ಘೋಷಣೆಯನ್ನು ತೆಗೆದುಹಾಕಿತು. ಈಗ ಭಟ್ಟರಿಲ್ಲದೆ, ಐನಾರಿಲ್ಲದೆ, ಕಾಜಿಯಿಲ್ಲದೆ ಮದುವೆಯಾಗಲು ಯಾರೂ ಧರ್ಮ ಬಿಡಬೇಕಿಲ್ಲ, ಧರ್ಮ ಇಟ್ಟುಕೊಳ್ಳಲೂಬೇಕಿಲ್ಲ.

ಅಡ್ಡಿ ಬರುವುದು ನೋಟಿಸಿನಿಂದ. ಈ ಕಾಯ್ದೆಯ ಮದುವೆಗೆ 30 ದಿನ ಮೊದಲೇ ನೋಟಿಸ್ ಕೊಡಬೇಕು, ಅದನ್ನು ಕಚೇರಿಯ ಗೋಡೆಗೆ ಹಚ್ಚುತ್ತಾರೆ. ಸಣ್ಣ ಊರಲ್ಲಿ ಬೆಳಿಗ್ಗೆ ಹಚ್ಚಿದ ಕಾಗದ ಸಂಜೆಯೊಳಗೆ ಎರಡೂ ಮನೆ ಮುಟ್ಟಿರುತ್ತದೆ. ಜಾತಿ ಬೇರೆಯಾಗಿದ್ದರೆ ಆ 30 ದಿನ ಜೀವಕ್ಕೇ ಅಪಾಯ ತರಬಹುದು.

ಮುಸ್ಲಿಂ ಮನೆಯಲ್ಲಿ ಹುಟ್ಟಿದವರಿಗೆ ಉತ್ತರ ಇಷ್ಟು ಸರಳವಿಲ್ಲ. ನಂಬಿಕೆ ಬಿಟ್ಟವರಿಗೆ ಆಸ್ತಿಯ ವಿಷಯದಲ್ಲಿ ಷರಿಯತ್ ಬದಲು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯವಾಗಬೇಕು ಎಂದು ಕೇರಳದ ಮಹಿಳೆಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು, 2024ರಲ್ಲಿ ಕೋರ್ಟ್ ಸರ್ಕಾರಗಳಿಗೆ ನೋಟಿಸ್ ಕೊಟ್ಟಿತು. ಅದರ ತೀರ್ಪು ಏನೇ ಬಂದರೂ ವಿಜಯಪುರದಂಥ ಊರಿನ ಕುಟುಂಬಗಳಿಗೂ ಅದು ಮುಟ್ಟುತ್ತದೆ.

ಸತ್ತ ಮೇಲೆ

ನಂಬಿಕೆ ಇಲ್ಲದವರು ಬದುಕಿದ್ದಾಗ ಊರಿನ ಜೊತೆ ಹೇಗೋ ಹೊಂದಿಕೊಂಡು ಹೋಗುತ್ತಾರೆ. ಜಾತ್ರೆಗೆ ಹೋಗಿ ಮಂಡಕ್ಕಿ ಮಿರ್ಚಿ ತಿಂದು ಬರಲು ದೇವರನ್ನು ನಂಬಲೇಬೇಕು ಎಂದೇನಿಲ್ಲ. ಪ್ರಶ್ನೆ ಬರುವುದು ಸತ್ತ ದಿನ. ವಿಭೂತಿ ಹಚ್ಚಬೇಕೇ, ಐನಾರನ್ನು ಕರೆಯಬೇಕೇ, ತಿಥಿ ಮಾಡಬೇಕೇ? ಹೇಳಬೇಕಾದವರು ಆಗ ಮಾತಾಡಲಾರರು.

ಈ ಭಾಗದಲ್ಲಿ ಅದಕ್ಕೆ ದೇಹದಾನ ಒಂದು ಉತ್ತರವಾಗಿ ಬೆಳೆದಿದೆ. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜೊಂದರಲ್ಲಿ ವೈದ್ಯರೊಬ್ಬರು ತಮ್ಮ ತಂದೆಯ ಇಚ್ಛೆಯಂತೆ, ತಂದೆಯ ದೇಹವನ್ನು ತಾವೇ ವಿದ್ಯಾರ್ಥಿಗಳ ಎದುರು ಛೇದನ ಮಾಡಿ ಪಾಠ ಹೇಳಿದರು. ಎರಡು ವರ್ಷ ಹಿಂದೆ ತೀರಿಕೊಂಡಿದ್ದ ತಂದೆಯೂ ವೈದ್ಯರೇ. ಆ ಸುದ್ದಿ ಓದಿ ದೇಹದಾನದ ಬಗ್ಗೆ ಯೋಚಿಸಿದವರಲ್ಲಿ ದೈವಭಕ್ತರೂ ಇದ್ದಾರೆ, ಇಲ್ಲದವರೂ ಇದ್ದಾರೆ. ದೇಹ ಕೊಡಲು ನಾಸ್ತಿಕರಾಗಬೇಕಿಲ್ಲ. ಆದರೆ ವಿಧಿ ಬೇಡ ಎನ್ನುವವರಿಗೆ, ಮನೆಯವರ ಮನಸ್ಸನ್ನೂ ನೋಯಿಸದೆ ಹೋಗುವ ಗೌರವದ ದಾರಿ ಅದು. ಮರೆಯಬಾರದ ಮಾತೆಂದರೆ, ಇಚ್ಛಾಪತ್ರ ಬರೆದಿಟ್ಟರಷ್ಟೇ ಸಾಲದು. ಸತ್ತ ಕೆಲವೇ ಗಂಟೆಗಳಲ್ಲಿ ಕಾಲೇಜಿಗೆ ಫೋನ್ ಮಾಡಬೇಕಾದವರು ಹೆಂಡತಿ ಮಕ್ಕಳು. ಅವರು ಮನಸ್ಸಾರೆ ಒಪ್ಪದಿದ್ದರೆ ಆ ಇಚ್ಛೆ ಕಪಾಟಿನಲ್ಲೇ ಉಳಿಯುತ್ತದೆ.

ಹೇಳಿಕೊಂಡರೆ ಕೇಸ್ ಬೀಳುತ್ತದೆಯೇ?

ನಾಸ್ತಿಕ ಎಂದು ಹೇಳಿಕೊಳ್ಳುವುದು ಅಪರಾಧವಲ್ಲ. ಸಂವಿಧಾನದ 25ನೇ ವಿಧಿ ಮೊದಲು ಹೇಳುವುದೇ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು, ಧರ್ಮ ಪಾಲನೆಯ ಮಾತು ಆಮೇಲೆ ಬರುತ್ತದೆ. 2014ರಲ್ಲಿ ಬಾಂಬೆ ಹೈಕೋರ್ಟ್ ಇದೇ ವಿಧಿಯನ್ನು ಹಿಡಿದು, ಯಾವ ಧರ್ಮವೂ ನನ್ನದಲ್ಲ ಎನ್ನುವ ಹಕ್ಕು ಪ್ರತಿಯೊಬ್ಬನಿಗೂ ಇದೆ, ಯಾವುದೇ ಫಾರಂನಲ್ಲಿ ಧರ್ಮ ಹೇಳಲೇಬೇಕೆಂದು ಸರ್ಕಾರ ಒತ್ತಾಯಿಸುವಂತಿಲ್ಲ ಎಂದಿತು. ಶಾಸಕರ ಪ್ರಮಾಣವಚನದಲ್ಲೂ ದೇವರ ಹೆಸರು ಬೇಡವಾದವರು ‘ಸತ್ಯನಿಷ್ಠೆಯಿಂದ’ ಎನ್ನಬಹುದು. ಆ ಎರಡು ದಾರಿಯನ್ನು ಸಂವಿಧಾನವೇ ಕೊಟ್ಟಿದೆ.

ಅಪರಾಧ ಆಗುವುದು ಬೇಕೆಂದೇ, ದುರುದ್ದೇಶದಿಂದ ಒಂದು ವರ್ಗದ ಧರ್ಮವನ್ನು ಅವಮಾನಿಸಿದಾಗ. ಹಳೆಯ ದಂಡ ಸಂಹಿತೆಯ 295ಎ ಈಗ ಭಾರತೀಯ ನ್ಯಾಯ ಸಂಹಿತೆಯ 299 ಆಗಿದೆ, ಮೂರು ವರ್ಷದವರೆಗೆ ಜೈಲು. 1957ರಲ್ಲೇ ಸುಪ್ರೀಂ ಕೋರ್ಟ್ ಈ ಸೆಕ್ಷನ್ನನ್ನು ಎತ್ತಿಹಿಡಿಯುತ್ತ, ಅರಿವಿಲ್ಲದೆ ಆದ ಅವಮಾನಕ್ಕೆ ಇದು ಅನ್ವಯಿಸುವುದಿಲ್ಲ, ಉದ್ದೇಶಪೂರ್ವಕ ದ್ವೇಷ ಇರಬೇಕು ಎಂದಿತ್ತು. ‘ದೇವರಿಲ್ಲ ಎಂದು ನನಗನಿಸುತ್ತದೆ’ ಎಂಬುದು ಅಭಿಪ್ರಾಯ. ಇನ್ನೊಬ್ಬರ ದೇವರನ್ನು ಬೈದು ಅವರ ಮನೆ ಮುಂದೆ ಕೂಗುವುದು ಬೇರೆ ಸಂಗತಿ. ಕೋರ್ಟಿನಲ್ಲಿ ಈ ವ್ಯತ್ಯಾಸ ನಿಲ್ಲುತ್ತದೆ. ತೊಂದರೆ ಏನೆಂದರೆ ದೂರು, ಎಫ್‌ಐಆರ್, ಠಾಣೆಯ ಅಲೆದಾಟ ಎಲ್ಲ ಕೋರ್ಟಿಗಿಂತ ಮೊದಲು ಬರುತ್ತವೆ.

ಜನರ ಮನಸ್ಸಿನಲ್ಲಿರುವ ಭಯ ಸೆಕ್ಷನ್ನುಗಳಿಗಿಂತ ಆಳವಾದದ್ದು. 2013ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರ ಫೆಬ್ರುವರಿಯಲ್ಲಿ ಬೆಳಗಾವಿಗೆ ಹತ್ತಿರದ ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ, ಅದೇ ವರ್ಷ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಕಲಬುರ್ಗಿಯವರು ವಿಜಯಪುರ ಜಿಲ್ಲೆಯ ಸಿಂದಗಿ ಕಡೆಯವರು. ಗಮನಿಸಿ, ಈ ನಾಲ್ವರ ಕೆಲಸ ಒಂದೇ ಅಲ್ಲ. ಒಬ್ಬರು ಮೂಢನಂಬಿಕೆ ವಿರುದ್ಧ ಕಾನೂನು ಬೇಕೆಂದು ಹೋರಾಡಿದವರು, ಒಬ್ಬರು ಕಮ್ಯುನಿಸ್ಟ್ ನಾಯಕರು, ಒಬ್ಬರು ವಚನ ಮತ್ತು ಶಾಸನಗಳ ಸಂಶೋಧಕರು, ಒಬ್ಬರು ಪತ್ರಕರ್ತೆ. ನಾಲ್ವರನ್ನೂ ಒಟ್ಟಿಗೆ ‘ನಾಸ್ತಿಕರು’ ಎಂದು ಕರೆದುಬಿಟ್ಟರೆ ಅವರ ಕೆಲಸವೂ ಮರೆಯಾಗುತ್ತದೆ, ಸುಮ್ನೆ ಮನೆಯಲ್ಲಿ ಕೂತು ನಂಬದೆ ಇರುವ ಸಾಮಾನ್ಯ ಮನುಷ್ಯನೂ ತನ್ನನ್ನು ಅವರ ಜಾಗದಲ್ಲಿ ನಿಲ್ಲಿಸಿ ನೋಡಿಕೊಂಡು ಹೆದರುತ್ತಾನೆ.

ಯಾರ ವಾದ ಏನು

ಧರ್ಮದ ಸಂಘಟನೆಗಳಿಗೆ ಸಂಖ್ಯೆ ಮುಖ್ಯ. ಹಿಂದೂ ಎಂದೇ ಬರೆಸಿ ಎನ್ನುವವರಿಗೆ ನಾಸ್ತಿಕ ಎಂಬುದು ತಮ್ಮ ಲೆಕ್ಕದಿಂದ ಒಬ್ಬ ಹೋದಂತೆ. ಲಿಂಗಾಯತ ಪ್ರತ್ಯೇಕ ಧರ್ಮಕ್ಕಾಗಿ ಹೋರಾಡುವವರಿಗೂ ಹಾಗೆಯೇ. 2018ರಲ್ಲಿ ರಾಜ್ಯ ಸರ್ಕಾರ ಮಾಡಿದ ಶಿಫಾರಸನ್ನು ಕೇಂದ್ರ ಒಪ್ಪಲಿಲ್ಲ. ಈಗ ಗಣತಿಯಲ್ಲಿ ತಲೆಗಳನ್ನು ತೋರಿಸಬೇಕೆಂಬ ಆಸೆ ಅವರದು. ವೈರಿಗಳಂತೆ ಕಾಣುವ ಈ ಎರಡೂ ಕಡೆಯವರು ನಾಸ್ತಿಕನ ವಿಷಯದಲ್ಲಿ ಒಂದೇ ಮಾತು ಹೇಳುತ್ತಾರೆ: ಮನಸ್ಸಿನಲ್ಲಿ ಏನೇ ಇರಲಿ, ಬರೆಸುವಾಗ ನಮ್ಮದೇ ಬರೆಸು.

ವಿಚಾರವಾದಿಗಳಲ್ಲೂ ಒಮ್ಮತವಿಲ್ಲ. ಸಂಖ್ಯೆ ಕಂಡರೆ ಮಾತ್ರ ಮುಂದಿನ ಪೀಳಿಗೆಗೆ ಧೈರ್ಯ ಬರುತ್ತದೆ, ಬರೆಸಿ ಎನ್ನುವವರಿದ್ದಾರೆ. ಧರ್ಮದ ಕಾಲಂ ಇರುವುದೇ ತಪ್ಪು, ಅದರಲ್ಲಿ ನಾಸ್ತಿಕ ಎಂದು ಬರೆಸಿದರೆ ಅದನ್ನೂ ಒಂದು ಧರ್ಮ ಮಾಡಿದಂತೆ, ಖಾಲಿ ಬಿಡಿ ಎನ್ನುವವರೂ ಇದ್ದಾರೆ. ಜಾತಿ ಇರುವವರೆಗೆ ಜಾತಿಯನ್ನು ಎಣಿಸಲೇಬೇಕು, ಅದಕ್ಕೆ ಅಡ್ಡ ಬರುವ ಯಾವ ಉತ್ತರವೂ ಬೇಡ ಎಂಬುದು ಅಂಬೇಡ್ಕರ್‌ವಾದಿಗಳಲ್ಲಿ ಅನೇಕರ ನಿಲುವು. ಮೂರರಲ್ಲೂ ಹುರುಳಿದೆ. ನನಗೆ ಹೆಚ್ಚು ಸರಿ ಕಾಣುವುದು ಮೊದಲನೆಯದು, ಅದೂ ಜಾತಿಯ ಕಾಲಂ ಖಾಲಿ ಬಿಡದಿದ್ದರೆ ಮಾತ್ರ. ಜಾತಿಯನ್ನು ನಂಬದಿರುವುದರಿಂದ ಜಾತಿ ಕೊಟ್ಟ ಅನುಕೂಲವೂ ಅನನುಕೂಲವೂ ಮಾಯವಾಗುವುದಿಲ್ಲ. ಮೇಲ್ಜಾತಿಯ ನಾಸ್ತಿಕನಿಗೆ ಖಾಲಿ ಬಿಡುವುದು ಸುಲಭ, ಯಾಕೆಂದರೆ ಅವನು ಕಳೆದುಕೊಳ್ಳುವುದು ಏನೂ ಇಲ್ಲ.

ಮುಂದಿನ ಗಣತಿಯ ಹೊತ್ತಿಗೆ

2011ರ ನಮೂನೆಯಲ್ಲಿ ಆರು ಧರ್ಮಗಳಿಗೆ ಮಾತ್ರ ಸಂಕೇತ ಸಂಖ್ಯೆ ಇತ್ತು, ಉಳಿದದ್ದನ್ನು ಹೆಸರು ಬರೆದು ತುಂಬಬೇಕಿತ್ತು. ರಾಜ್ಯದ ಸಮೀಕ್ಷೆಯಂತೆ ನಾಸ್ತಿಕ ಎಂಬ ಸಿದ್ಧ ಆಯ್ಕೆ ಇರಲಿಲ್ಲ. ಇದು ಸಣ್ಣ ವಿಷಯವಲ್ಲ. ಪಟ್ಟಿಯಲ್ಲಿ ಇದ್ದರೆ ಬೆರಳು ಇಟ್ಟು ತೋರಿಸಬಹುದು, ಇಲ್ಲದಿದ್ದರೆ ಬಾಯಿ ಬಿಟ್ಟು ಹೇಳಬೇಕು, ಹೇಳಿದ್ದನ್ನು ಬರೆದುಕೊಂಡರೋ ಇಲ್ಲವೋ ಎಂದು ಬಗ್ಗಿ ನೋಡಬೇಕು. ಹೀಗಾಗಿ ರಾಜ್ಯದ ಸಂಖ್ಯೆಯೂ ರಾಷ್ಟ್ರೀಯ ಗಣತಿಯ ಸಂಖ್ಯೆಯೂ ಹೊಂದದೆ ಹೋದರೆ ಆಶ್ಚರ್ಯಪಡಬೇಕಿಲ್ಲ. ಆಗ ಒಬ್ಬರು ‘ನಾಸ್ತಿಕರು ಜಾಸ್ತಿ ಆದರು’ ಎನ್ನುತ್ತಾರೆ, ಇನ್ನೊಬ್ಬರು ‘ಕಡಿಮೆ ಆದರು’ ಎನ್ನುತ್ತಾರೆ. ಬದಲಾದದ್ದು ಪ್ರಶ್ನೆ ಕೇಳಿದ ರೀತಿಯಷ್ಟೇ ಆಗಿರಬಹುದು.

ಈ ಸಲ ಒಂದು ಹೊಸ ಅನುಕೂಲ ಇದೆ. ಗಣತಿ ಡಿಜಿಟಲ್ ಆಗಿದ್ದು, ಕುಟುಂಬದವರು ತಾವೇ ವಿವರ ತುಂಬಬಹುದು. ಕಟ್ಟೆಯ ಮೇಲೆ, ಅಕ್ಕಪಕ್ಕದವರ ಎದುರು ಹೇಳಬೇಕಿಲ್ಲ. ಹಾಗಿದ್ದರೂ ತುಂಬುವ ಮೊಬೈಲ್ ಹೆಚ್ಚಿನ ಮನೆಗಳಲ್ಲಿ ಅಪ್ಪನ ಕೈಯಲ್ಲೋ ಅಣ್ಣನ ಕೈಯಲ್ಲೋ ಇರುತ್ತದೆ. ಅಪ್ಪನ ಹೆಸರಿನ ಮುಂದೆ ಲಿಂಗಾಯತ, ಅವ್ವನ ಹೆಸರಿನ ಮುಂದೆ ಹಿಂದೂ, ಮಗಳ ಹೆಸರಿನ ಮುಂದೆ ನಾಸ್ತಿಕ ಎಂದು ಒಂದೇ ಮನೆಯ ವಿವರದಲ್ಲಿ ಮೂರು ಉತ್ತರ ಬರೆಯಲು ನಿಯಮದ ಅಡ್ಡಿಯಿಲ್ಲ. ಅದಕ್ಕೆ ಮೊದಲು, ಸಲ್ಲಿಸುವ ಗುಂಡಿ ಒತ್ತುವ ಮುಂಚೆ, ಅಪ್ಪ ಮಗಳನ್ನು ಕರೆದು ‘ನಿಂದು ಏನಂತ ಬರೀಲಿ?’ ಎಂದು ಕೇಳಬೇಕು.